ಹಣಿಗೆ ತಿದ್ದುವ ಹನುಮಂತರಾಯ

ಮೊಳಕಾಲ್ಮುರಿನ ನೇಕಾರರ ಕೇರಿಯಲ್ಲಿ ಯಾರ ಮಗ್ಗದ ಹಣಿಗೆ ಕೆಟ್ಟರೂ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹನುಮಂತರಾಯನ ಮನೆಗೆ ಬರುವುದು ರೂಢಿ. ಹಣಿಗೆಯೆಂದರೆ ಇಲ್ಲಿ ತಲೆ ಬಾಚುವ ಹಣಿಗೆಯಲ್ಲ. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬೇರೆಬೇರೆಯಾಗಿ ಹಿಡಿದು, ಲಾಳಿ ಹಾದುಹೋದ ಮೇಲೆ ಹೊಕ್ಕಿನ ಎಳೆಯನ್ನು ಬಡಿದು ಕೂರಿಸುವ ಉದ್ದನೆಯ ಉಕ್ಕಿನ ಬಾಚಣಿಗೆ ಅದು. ಅದರ ಹಲ್ಲುಗಳು ಲೆಕ್ಕಕ್ಕೆ ಸಿಗುವಂಥವಲ್ಲ. ಅವುಗಳಲ್ಲಿ ಒಂದು ಹಲ್ಲು ಕೂದಲೆಳೆಯಷ್ಟು ಒರಗಿದರೂ ಸಾಕು, ರೇಷ್ಮೆ ಸೀರೆಯ ಮೈಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದು ಗೆರೆ ಬೀಳುತ್ತದೆ. ಗೆರೆ ಬಿದ್ದ ಸೀರೆಯನ್ನು ಸಾಹುಕಾರ ಬೆಳಕಿಗೆ ಹಿಡಿದು ನೋಡಿ, ಏನೂ ಮಾತಾಡದೆ ಮಡಚಿ ಪಕ್ಕಕ್ಕೆ ಇಡುತ್ತಾನೆ. ಆ ಮೌನಕ್ಕೆ ಹೆದರದ ನೇಕಾರನಿಲ್ಲ.

ಹನುಮಂತರಾಯ ಆ ಹಲ್ಲುಗಳನ್ನು ಸೂಜಿಯಿಂದ ತಿದ್ದುತ್ತಿದ್ದ. ಬಾಗಿಲ ಬೆಳಕಿಗೆ ಹಣಿಗೆಯನ್ನು ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ಭೂತಗನ್ನಡಿಯನ್ನು ಇನ್ನೊಂದು ಕಣ್ಣಿಗೆ ತಂದು ನೋಡುವನು. ಆಮೇಲೆ ಸೂಜಿಯ ಮೊನೆಯನ್ನು ಹಲ್ಲುಗಳ ನಡುವೆ ಇಳಿಸಿ, ಉಸಿರು ಬಿಗಿಹಿಡಿದು, ಹೂವಿನ ಎಸಳನ್ನು ಸರಿಸಿದಂತೆ ಸರಿಸುವನು. ಈ ವಿದ್ಯೆಯನ್ನು ಅವನ ತಂದೆ ಬಾಯಿಬಿಟ್ಟು ಕಲಿಸಲಿಲ್ಲ. ನೆಲದ ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಣಿ ಮಗ್ಗದ ಪಕ್ಕದಲ್ಲಿ ಕುಳಿತು ನೋಡಿ ಕಲಿತದ್ದು. ಐವತ್ತು ದಾಟಿದರೂ ಕೈ ನಡುಗುತ್ತಿರಲಿಲ್ಲ. ಓರೆಯಾದದ್ದನ್ನು ಕಂಡರೆ ಅವನಿಗೆ ಸುಮ್ಮನಿರಲಾಗದು. ನೆಂಟರ ಮನೆಗೆ ಹೋದರೂ ಗೋಡೆಯ ಮೇಲಿನ ದೇವರ ಪಟ ಸ್ವಲ್ಪ ವಾಲಿದ್ದರೆ ಮಾತಿನ ನಡುವೆಯೇ ಎದ್ದು ಸರಿಮಾಡಿ ಬರುವನು. “ಕುಂತ್ಕಳ್ರಿ, ಅವರ ಮನಿ ಪಟ ಅವರು ನೋಡ್ಕಂತಾರೆ” ಎಂದು ಹೆಂಡತಿ ನಿರ್ಮಲಾ ಸೆರಗಿನ ಮರೆಯಲ್ಲಿ ಗದರುವಳು.

ಅವರಿಗೆ ಒಬ್ಬಳೇ ಮಗಳು, ತೇಜಶ್ರೀ. ಚಿಕ್ಕವಳಿದ್ದಾಗ ಮಗ್ಗದ ಸದ್ದಿಲ್ಲದಿದ್ದರೆ ನಿದ್ದೆ ಮಾಡದಿದ್ದ ಹುಡುಗಿ. ಈಗ ಡಿಗ್ರಿ ಮುಗಿಸಿ, ಚಳ್ಳಕೆರೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆಯ ಆಲ್ಬಮ್ ಜೋಡಿಸುವ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಬಸ್ಸು ಹತ್ತಿದರೆ ಇಳಿಯುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿ ಅವಳದು ಮಾತು ಕಡಿಮೆ. ಮೊಬೈಲಿನಲ್ಲಿ ಮಾತ್ರ ನಗು ಜಾಸ್ತಿ. ಯಾರ ಹತ್ತಿರ ಮಾತಾಡುತ್ತಾಳೆಂದು ತಾಯಿಗೆ ಒಳಗೊಳಗೇ ಅಂಜಿಕೆಯಿತ್ತು. ವಿಚಾರಿಸಿದಾಗ ತಿಳಿದದ್ದು, ಅದು ಒಂದು ಆಟದ ತಂಡ. ಐದು ಜನ ಹುಡುಗಿಯರು, ಐದು ಊರಿನವರು. ಒಬ್ಬರನ್ನೊಬ್ಬರು ಮುಖತಃ ಕಂಡವರಲ್ಲ. ಕಂಪ್ಯೂಟರಿನಲ್ಲಿ ಬಂದೂಕು ಹಿಡಿದು, ಎದುರು ತಂಡದಿಂದ ಒಂದು ಕೋಟೆಯನ್ನು ಕಾಯುವ ಆಟ. ತಂಡಕ್ಕೆ ಮುಂದಾಳು ದಾವಣಗೆರೆಯ ಹರ್ಷಿತಾ. ತೇಜಶ್ರೀ ಕೆಲಸ ಮುಗಿದ ಮೇಲೆ ಚಳ್ಳಕೆರೆಯ ಒಂದು ಗೇಮಿಂಗ್ ಸೆಂಟರಿನಲ್ಲಿ ಆಡಿ ಕಲಿತಿದ್ದಳು. ರಸ್ತೆ ಅಗಲ ಮಾಡುವಾಗ ಆ ಕಟ್ಟಡ ಹೋಯಿತು, ಸೆಂಟರೂ ಹೋಯಿತು. ಅದೇ ಸಮಯಕ್ಕೆ ಅವರ ತಂಡ ಒಂದು ದೊಡ್ಡ ಪಂದ್ಯಕ್ಕೆ ಆಯ್ಕೆಯಾಯಿತು. ಪಂದ್ಯ ಭಾನುವಾರ ಮಧ್ಯಾಹ್ನ. ಅವರವರ ಊರಿನಿಂದಲೇ ಆಡಬೇಕು. ಮೊಬೈಲು ನಡೆಯದು, ಸ್ಟುಡಿಯೋದ ಹಳೆಯ ಕಂಪ್ಯೂಟರು ಆ ಆಟದ ಭಾರ ತಡೆಯದು.

“ಅಪ್ಪ, ನಾನೇ ಒಂದು ಕಂಪ್ಯೂಟರ್ ಕಟ್ತೀನಿ” ಎಂದಳು ಮಗಳು ಒಂದು ದಿನ.

“ಕಟ್ಟೋದು ಅಂದ್ರೆ?”

“ಸಾಮಾನೆಲ್ಲಾ ಬಿಡಿಬಿಡಿಯಾಗಿ ತರಿಸಿ ಮನ್ಯಾಗೇ ಜೋಡಿಸೋದು. ಅಂಗಡಿದು ನನ್ನ ಆಟಕ್ಕೆ ಸರಿಬರಲ್ಲ.”

“ಮಗ್ಗ ಹೂಡಿದಂಗೆ ಅನ್ನು” ಎಂದ ಹನುಮಂತರಾಯ. ಅವನಿಗೆ ಅರ್ಥವಾದದ್ದು ಅಷ್ಟೇ. ಆದರೆ ಅಷ್ಟು ಅರ್ಥವಾದದ್ದೇ ಅವನಿಗೆ ಎಷ್ಟೋ ಸಮಾಧಾನ. ಮಗಳು ದೊಡ್ಡವಳಾದ ಮೇಲೆ ಅವಳ ಯಾವ ಕೆಲಸವೂ ಅವನ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಮನೆಯಲ್ಲಿ ಕೂತು ಕೈಯಿಂದ ಜೋಡಿಸುವುದೆಂದರೆ ಅದು ತನ್ನ ಹೊಲಕ್ಕೇ ಬಂದ ನೀರು ಎಂದುಕೊಂಡ.

ಕೊರಿಯರಿನವರು ಮೊಳಕಾಲ್ಮುರಿನವರೆಗೆ ಬಾರದ ಕಾರಣ ಸಾಮಾನೆಲ್ಲ ಸ್ಟುಡಿಯೋದ ವಿಳಾಸಕ್ಕೆ ಬಂದಿತ್ತು. ತರುವುದಕ್ಕೆ ಅಪ್ಪನೂ ಹೋದ. ಬಸ್ಸಿನಲ್ಲಿ ಮಾನಿಟರಿನ ಡಬ್ಬವನ್ನು ಮೇಲೆ ಹಾಕಲು ಒಪ್ಪದೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಎದುರು ಏನೂ ಕಾಣುತ್ತಿರಲಿಲ್ಲ. ಕಂಡಕ್ಟರು ಬಂದು ಡಬ್ಬದ ಮೇಲೆ ತಟ್ಟಿ, “ಏನ್ ಯಜಮಾನ್ರೆ, ಒಳಗೆ ಇದೀರೋ ಇಲ್ವೋ?” ಎಂದ.

“ಇದೀನಿ ಕಣಪ್ಪ, ತಟ್ಟಬ್ಯಾಡ. ನಮ್ಮ ಹುಡುಗಿ ಕಂಪ್ಯೂಟರು.”

“ಬ್ಯಾಂಕ್ ಪರೀಕ್ಷೆಗೆ ಓದಾಕಾ?”

“ಆಟಕ್ಕೆ” ಎಂದ ಹನುಮಂತರಾಯ, ಕಲೆಕ್ಟರ್ ಕೆಲಸಕ್ಕೆ ಎನ್ನುವ ಠೀವಿಯಲ್ಲಿ. ಹಿಂದಿನ ಸೀಟಿನವರು ನಕ್ಕರು. ತೇಜಶ್ರೀ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆದರೆ ಅವಳೂ ನಗುತ್ತಿದ್ದುದನ್ನು ಅಪ್ಪ ಡಬ್ಬದ ಮಗ್ಗುಲಿನಿಂದ ಕಂಡ.

ಪಂದ್ಯಕ್ಕೆ ಒಂದು ವಾರ ಮುಂಚಿನ ಭಾನುವಾರ ಜೋಡಿಸಲು ಕೂತರು. ಮಗ್ಗದ ಕೋಣೆಯಲ್ಲೇ ಬೆಳಕು ಚೆನ್ನಾಗಿದ್ದದ್ದು. ನೆಲ ಒರೆಸಿ, ಚಾಪೆ ಹಾಸಿ, ಅದರ ಮೇಲೆ ಹಳೆಯ ಪತ್ರಿಕೆಗಳನ್ನು ಹರಡಿದರು. ನಿರ್ಮಲಾ ಊದಿನಕಡ್ಡಿ ಹಚ್ಚಿ, ಕುಂಕುಮದ ಬಟ್ಟಲು ಹಿಡಿದು ಬಂದಳು.

“ಅವ್ವಾ, ಒಳಗೆ ಹಚ್ಚಬ್ಯಾಡ, ಪೆಟ್ಟಿಗಿ ಮ್ಯಾಲಷ್ಟೇ.”

“ಒಳಗಿರೋದಕ್ಕೆ ದೇವರು ಬ್ಯಾಡೇನೇ?”

“ಒಳಗೆ ಹಚ್ಚಿದ್ರೆ ದೇವರೇ ಬಂದ್ರೂ ಸ್ಟಾರ್ಟ್ ಆಗಲ್ಲ, ಹೋಗವ್ವ.”

ತೇಜಶ್ರೀ ಮೊಬೈಲನ್ನು ಚೊಂಬಿಗೆ ಒರಗಿಸಿ, ಜೋಡಿಸುವ ಬಗೆ ತೋರಿಸುವ ವಿಡಿಯೋ ಹಾಕಿದಳು. ಅದರಲ್ಲಿ ಒಬ್ಬ ಹಿಂದಿಯಲ್ಲಿ ಏನೇನೋ ಹೇಳುತ್ತಿದ್ದ. ಹನುಮಂತರಾಯನಿಗೆ ಒಂದೂ ತಿಳಿಯಲಿಲ್ಲ. ತಿರುಪು ಕೊಡು ಎಂದರೆ ತಿರುಪು ಕೊಟ್ಟ, ಹಿಡಿ ಎಂದರೆ ಹಿಡಿದ. ಮಗಳ ಪಕ್ಕದಲ್ಲಿ ಹಾಗೆ ಕೂತು ಎಷ್ಟು ವರ್ಷವಾಗಿತ್ತೋ.

ಎಲ್ಲಕ್ಕೂ ಆಧಾರವಾದ ಮದರ್‌ಬೋರ್ಡನ್ನು ಅವಳು ಅದರ ಡಬ್ಬದ ಮೇಲೆಯೇ ಇಟ್ಟು, ನಡುವಿನ ಸಣ್ಣ ಚೌಕದ ಮುಚ್ಚಳ ತೆಗೆದಳು. ಒಳಗೆ ಬಂಗಾರದ ಬಣ್ಣದ ಮುಳ್ಳುಗಳು, ಸಾಲು ಸಾಲು. ಇರುವೆಯ ಕಾಲಿಗಿಂತ ಸಣ್ಣವು.

“ನೋಡಪ್ಪ, ನಿನ್ನ ಹಣಿಗಿ ಇದ್ದಂಗೇ ಐತೆ! ಇದರ ಮ್ಯಾಲೆ ಪ್ರೊಸೆಸರ್ ಕೂರಿಸಬೇಕು. ಅದೇ ಇದರ ಮೆದುಳು. ನನ್ನ ಕೈ ಬೆವರ್ತೈತೆ, ನೀನೇ ಕೂರಿಸ್ತೀಯಾ?”

ಹನುಮಂತರಾಯ ಚಾಪೆಯ ಮೇಲೆ ಮುಂದಕ್ಕೆ ಸರಿದು ತಲೆಯಾಡಿಸಿದ.

ಅಷ್ಟರಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಪ್ಲಗ್ಗು. ಮೂರು ದಪ್ಪ ಕಾಲಿನದು. ಮನೆಯ ಸಾಕೆಟ್ಟಿಗೆ ಹೋಗುವಂತಿರಲಿಲ್ಲ. “ಭಾನುವಾರ, ಎಲೆಕ್ಟ್ರಿಕ್ ಅಂಗಡಿ ಮಧ್ಯಾಹ್ನಕ್ಕೆ ಬಾಗಿಲು ಹಾಕ್ತಾರೆ. ಇದಕ್ಕೆ ಸರಿಹೋಗೋ ಒಂದು ಸಾಕೆಟ್ ಬೋರ್ಡ್ ತಗಂಡು ಬಂದುಬಿಡ್ತೀನಿ. ಧೂಳು ಬೀಳದಂಗೆ ನೋಡ್ಕ್ಯಪ್ಪ, ಬಂದು ಕೂರಿಸೋಣ” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮಗಳು ಹೋದ ಮೇಲೆ ಹನುಮಂತರಾಯ ಸುಮ್ಮನೆ ನೋಡುತ್ತಾ ಕೂತ. ಹಣಿಗೆಯಂತಿದೆ ಎಂದಳಲ್ಲ ಎಂದು, ಬೆಳಕಿಗೆ ಸ್ವಲ್ಪ ತಿರುಗಿಸಿ ನೋಡಿದ. ಭೂತಗನ್ನಡಿ ತಂದು ನೋಡಿದ. ಮುಳ್ಳುಗಳೆಲ್ಲ ಒಂದೇ ಮಗ್ಗುಲಿಗೆ ಒರಗಿದ್ದವು. ಒಂದೆರಡಲ್ಲ, ಸಾಲಿಗೆ ಸಾಲೇ.

ಹಣಿಗೆಯ ಹಲ್ಲು ಹೀಗೆ ಒಟ್ಟಿಗೆ ಒರಗುವುದು ಅದು ಮೇಲಿನಿಂದ ಬಿದ್ದಾಗ ಮಾತ್ರ. ಅವನು ಅಂಥದ್ದನ್ನು ಎಷ್ಟೋ ಕಂಡಿದ್ದ. ಕೊರಿಯರಿನವರು ಡಬ್ಬವನ್ನು ಎಸೆದಿದ್ದಾರೆ, ಸಂಶಯವೇ ಇಲ್ಲ.

“ಇವಳೇ, ಬಾ ಇಲ್ಲಿ. ನೋಡು, ಕೆಡವಿಬಿಟ್ಟಾರೆ ನನ್ಮಕ್ಕಳು. ಎಲ್ಲಾ ವಾಲೈತೆ.”

ನಿರ್ಮಲಾ ಬಗ್ಗಿ ನೋಡಿದಳು. ಅವಳಿಗೇನೂ ಕಾಣಲಿಲ್ಲ. “ಅವಳು ಬರ್ಲಿ ಸುಮ್ಕಿರ್ರಿ. ಅದೇನೋ ಎತ್ತೋ.”

“ಬಂದು ನೋಡಿದ್ರೆ ಅಳ್ತಾಳೆ ಕಣೇ. ವಾಪಸ್ ಕಳಿಸಿದ್ರೆ ಹೊಸದು ಬರೋದು ಯಾವಾಗ, ಆಟ ಮುಗಿದ್ ಮ್ಯಾಲಾ? ಹಣಿಗಿ ಅಲ್ವಾ, ನಂಗೆ ಗೊತ್ತಿಲ್ದೇ ಇರೋದಾ ಇದು?”

ಸೂಜಿ ತಂದ. ಕೈ ತೊಳೆದು ಒರೆಸಿಕೊಂಡ. ಬೀದಿಯಲ್ಲಿ ಯಾರೋ ಕರೆದರೂ ಓಗೊಡಲಿಲ್ಲ. ಮೊದಲ ಮುಳ್ಳಿಗೆ ಸೂಜಿಯ ಮೊನೆ ತಾಗಿಸಿ ಅತ್ತ ಸರಿಸಿದ, ನೆಟ್ಟಗೆ ನಿಂತಿತು. ಉಕ್ಕಿಗಿಂತ ಮೆದು, ಹೇಳಿದಂತೆ ಕೇಳುತ್ತದೆ. ಒಂದು ಸಾಲು ಮುಗಿಯಿತು, ಎರಡನೆಯದು ಹಿಡಿದ. ಅಷ್ಟು ನಾಜೂಕಿನ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಮಗಳು ಬರುವಷ್ಟರಲ್ಲಿ ಹಲವು ಸಾಲುಗಳು ಸಿಪಾಯಿಗಳಂತೆ ನೆಟ್ಟಗೆ ನಿಂತಿದ್ದವು.

ತೇಜಶ್ರೀ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಅವನು ತಲೆಯೆತ್ತಿ, “ಹೆದರಬ್ಯಾಡವ್ವ, ಬರೋವಾಗ ಕೆಡವಿದ್ರು. ಅರ್ಧ ನೆಟ್ಟಗೆ ಮಾಡೀನಿ, ಇನ್ನರ್ಧ ಊಟ ಆದ್ ಮ್ಯಾಲೆ” ಎಂದ.

ಅವಳು ಬಂದು ನೋಡಿದಳು. ಕೈಯಲ್ಲಿದ್ದ ಚೀಲವನ್ನು ನಿಧಾನವಾಗಿ ಕೆಳಗಿಟ್ಟಳು. ಅಪ್ಪನ ಕೈಯಲ್ಲಿದ್ದ ಸೂಜಿಯನ್ನು ನೋಡಿದಳು.

“ಯಾಕವ್ವ?”

“ಅಪ್ಪ... ಅವು ಇರೋದೇ ಹಂಗೆ.”

“ಹೆಂಗೆ?”

“ಓರೆಯಾಗೇ ಇರ್ಬೇಕು. ಮ್ಯಾಲೆ ಪ್ರೊಸೆಸರ್ ಕೂತಾಗ ಸ್ಪ್ರಿಂಗಿನಂಗೆ ಒತ್ಕಂಡು ತಾಗ್ತಾವೆ. ನೆಟ್ಟಗಿದ್ರೆ...”

ಹನುಮಂತರಾಯನಿಗೆ ಮೊದಲು ಇದು ತಮಾಷೆಯೆನಿಸಿತು. ಓರೆಯಾಗಿಯೇ ಇರಬೇಕಾದ ಹಲ್ಲು! ಹಾಗೂ ಉಂಟೆ? ಆಮೇಲೆ ಮಗಳ ಮುಖ ನೋಡಿದ. ನಗು ಬರುವ ಮುಖವಾಗಿರಲಿಲ್ಲ ಅದು.

“ಹಂಗಾದ್ರೆ ಮತ್ತೆ ಬಗ್ಗಿಸಿಬಿಡ್ತೀನಿ. ಹೆಂಗಿದ್ವೋ ಹಂಗೇ. ನಂಗೆ ಗೊತ್ತು ಹೆಂಗಿದ್ವು ಅಂತ” ಎಂದು ಅವಸರದಿಂದ ಸೂಜಿ ಇಳಿಸಿದ. ಇಷ್ಟು ಹೊತ್ತು ಹೇಳಿದಂತೆ ಕೇಳಿದ ಮುಳ್ಳು ಈಗ ಕೇಳಲಿಲ್ಲ. ಒಂದು ಸ್ವಲ್ಪ ಹೆಚ್ಚು ಬಗ್ಗಿತು. ಇನ್ನೊಂದು ಪಕ್ಕದ್ದಕ್ಕೆ ತಾಗಿತು. ಮೂರನೆಯದು ಮುರಿದು, ಬಂಗಾರದ ಚುಕ್ಕೆಯಾಗಿ ಸೂಜಿಯ ತುದಿಗೆ ಅಂಟಿಕೊಂಡು ಬಂತು. ಅದನ್ನು ಅವನು ಎಡ ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಉಸಿರು ಬಿಟ್ಟರೆ ಹಾರಿಹೋಗುವಷ್ಟಿತ್ತು.

“ಬಿಡಪ್ಪ” ಎಂದಳು ಮಗಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕಂದಿನಲ್ಲಿ ಗೊಂಬೆಯ ಕೈ ಮುರಿದರೆ ಬೀದಿಗೆಲ್ಲ ಕೇಳುವಂತೆ ಅತ್ತವಳು ಅವಳೇ. ಈಗ ಮೆಲ್ಲಗೆ ಬೋರ್ಡನ್ನು ತನ್ನ ಕಡೆ ಎಳೆದುಕೊಂಡು, “ನೋಡೋಣ, ಒಂದೊಂದು ಸಲ ನಡಿತೈತಂತೆ” ಎಂದು ಪ್ರೊಸೆಸರನ್ನು ತಾನೇ ಕೂರಿಸಿದಳು. ನೀನೇ ಕೂರಿಸುತ್ತೀಯಾ ಎಂದು ಮತ್ತೆ ಕೇಳಲಿಲ್ಲ.

ಸಂಜೆಯಾಗುವಷ್ಟರಲ್ಲಿ ಪೆಟ್ಟಿಗೆ ಸಿದ್ಧವಾಯಿತು. ಪಕ್ಕದ ಮನೆಯ ಪಾತಮ್ಮ, ಅವಳ ಸೊಸೆ, ಕೇರಿಯ ಇನ್ನಿಬ್ಬರು ನೋಡಲು ಬಂದಿದ್ದರು. ನಿರ್ಮಲಾ ಮೊದಲೇ ಎಲ್ಲರಿಗೂ ಹೇಳಿ, ಕೇಸರಿಬಾತು ಮಾಡಿಟ್ಟಿದ್ದಳು. ತೇಜಶ್ರೀ ಗುಂಡಿ ಒತ್ತಿದಳು. ಗಾಜಿನ ಮಗ್ಗುಲಿನ ಒಳಗೆ ಫ್ಯಾನುಗಳು ತಿರುಗತೊಡಗಿದವು. ಕೆಂಪು, ನೀಲಿ, ಹಸಿರು ದೀಪಗಳು ಒಂದರ ಹಿಂದೊಂದು ಓಡಿದವು.

“ಅಬ್ಬೋ! ಚಾಲಾ ಬಾಗುಂದಿ, ಭಾಳ ಚಂದ ಐತೆ!” ಎಂದು ತೆಲುಗು ಮನೆಮಾತಿನ ಪಾತಮ್ಮ ಕೆನ್ನೆಗೆ ಕೈಯಿಟ್ಟಳು. “ದೀಪಾವಳಿ ಮನಿಯೊಳಗೇ ಬಂದಂಗಾತು. ನಿರ್ಮಲಾ, ನಿನ್ನ ಮಗಳು ಗಂಡುಮಗ ಇದ್ದಂಗೆ ಕಣೇ.”

“ಯಾಕಕ್ಕ, ಹೆಣ್ಮಗಳಾಗಿ ಕಟ್ಟಬಾರ್ದಾ?” ಎಂದಳು ನಿರ್ಮಲಾ, ಹಿಗ್ಗಿನಿಂದ ಕೇಸರಿಬಾತಿನ ತಟ್ಟೆ ಹಂಚುತ್ತಾ.

ಮಾನಿಟರು ಮಾತ್ರ ಕಪ್ಪಾಗಿಯೇ ಇತ್ತು. ಅದರ ಮೇಲೆ ‘ನೋ ಸಿಗ್ನಲ್’ ಎಂಬ ಒಂದು ಸಣ್ಣ ಇಂಗ್ಲಿಷ್ ಸಾಲು ಮೂಡಿ ಮರೆಯಾಯಿತು. ತೇಜಶ್ರೀ ಆರಿಸಿ ಹಚ್ಚಿದಳು. ಮತ್ತೆ ಆರಿಸಿ ಹಚ್ಚಿದಳು. ಬಂದವರಿಗೆ ಅದು ಗೊತ್ತಾಗಲಿಲ್ಲ. ಪ್ರತಿ ಸಲ ದೀಪ ಓಡಿದಾಗಲೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಅಪ್ಪ ಮಗಳು ಇಬ್ಬರೇ ಆ ಕಪ್ಪು ಗಾಜನ್ನು ನೋಡುತ್ತಿದ್ದರು.

“ಬಂತಾ?” ಎಂದು ಅವನು ಪಿಸುಗುಟ್ಟಿದ.

“ಫ್ಯಾನ್ ಅಷ್ಟೇ ಅಪ್ಪ.”

“ಫ್ಯಾನ್ ಬಂದ್ರೆ ಮಿಕ್ಕಿದ್ದೂ ಬರ್ತೈತೇನೋ, ಸ್ವಲ್ಪ ಹೊತ್ತು ಬಿಡು.”

ಅವಳು ಸ್ವಲ್ಪ ಹೊತ್ತು ಬಿಟ್ಟಳು. ಅಪ್ಪ ಹೇಳಿದನೆಂದು ಬಿಟ್ಟಳು.

ಮರುದಿನ ಅವಳು ಸಾಮಾನು ಕಳಿಸಿದ ಬೆಂಗಳೂರಿನ ಅಂಗಡಿಗೆ ಫೋನು ಮಾಡಿ, ಬೋರ್ಡಿನ ಚಿತ್ರ ಕಳಿಸಿದಳು. ಅವರು ಮುಳ್ಳು ಬಗ್ಗಿದ್ದರೆ ವಾರಂಟಿ ಇಲ್ಲವೆಂದರು. ಹನುಮಂತರಾಯ ಫೋನು ಇಸಿದುಕೊಂಡ. “ಸ್ವಾಮಿ, ಅದು ನಮ್ಮ ಹುಡುಗಿ ಮಾಡಿದ್ದಲ್ಲ. ನಾನು ಮಾಡಿದ್ದು. ಅವಳು ಮನ್ಯಾಗೂ ಇರಲಿಲ್ಲ” ಎಂದ. ಆ ಕಡೆಯ ಹುಡುಗ ಒಳ್ಳೆಯವನೇ ಇರಬೇಕು. “ಯಾರು ಮಾಡಿದ್ರೂ ಒಂದೇ ಅಂಕಲ್, ಬೋರ್ಡಿಗೆ ಅದು ಗೊತ್ತಾಗಲ್ಲ” ಎಂದ. ಹನುಮಂತರಾಯ ಫೋನನ್ನು ಮಗಳ ಕೈಗೆ ಕೊಟ್ಟ.

ಆದರೂ ಅವನ ಮನಸ್ಸು ಒಪ್ಪಲಿಲ್ಲ. ಮಗಳೊಂದಿಗೆ ಚಳ್ಳಕೆರೆಗೆ ಹೋಗಿ, ಕಂಪ್ಯೂಟರ್ ರಿಪೇರಿಯ ಮುತ್ತುರಾಜ್ ಎಂಬವನ ಮುಂದೆ ಬೋರ್ಡನ್ನು ಬಿಚ್ಚಿಟ್ಟ. ಮುತ್ತುರಾಜ್ ಹಣೆಗೆ ಕಟ್ಟಿದ ಭೂತಗನ್ನಡಿಯನ್ನು ಕೆಳಗಿಳಿಸಿ ನೋಡಿದ. ನೋಡುತ್ತಲೇ ಇದ್ದ.

“ಇದನ್ನ ಯಾರು ಮಾಡಿದ್ದು?”

“ನಾನು” ಎಂದ ಹನುಮಂತರಾಯ.

“ಯಾವ ಮಿಷಿನ್ನಿಂದ?”

“ಸೂಜಿ.”

ಮುತ್ತುರಾಜ್ ಕನ್ನಡಿಯನ್ನು ಮೇಲಕ್ಕೆ ತಳ್ಳಿ ಅವನ ಕೈಗಳನ್ನು ನೋಡಿದ. “ಯಜಮಾನ್ರೆ, ಎಡವಟ್ಟು ಮಾಡ್ಕಂಡು ಬರೋರು ಬೇಕಾದಷ್ಟು ಜನ ಅವ್ರೆ. ಎಲ್ಲಾ ಕಾಗೆ ಕಾಲಿನಂಗೆ ಬಗ್ಗಿಸಿರ್ತಾರೆ. ಇಷ್ಟು ಸಾಲು ಹಿಡಿದು ನೆಟ್ಟಗೆ ಮಾಡಿದ್ದನ್ನ ನಾನು ಕಂಡಿಲ್ಲ. ಕೆಲಸ ಬಲು ಚಂದ ಐತ್ರಿ. ಬೋರ್ಡ್ ಹೋಗೈತೆ.”

“ಏನೂ ಮಾಡಾಕಾಗಲ್ವಾ?”

“ಹೊಸ ಬೋರ್ಡ್ ಹಾಕ್ಬೇಕು. ನನ್ನತ್ರ ಈ ಜಾತಿದು ಇಲ್ಲ. ತರಿಸಿದ್ರೂ ಈ ವಾರದಾಗೆ ಬರಲ್ಲ.”

ಅಂಗಡಿಯಿಂದ ಹೊರಗೆ ಬಂದು ಇಬ್ಬರೂ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತರು. ತೇಜಶ್ರೀ ಹರ್ಷಿತಾಗೆ ಫೋನು ಮಾಡಿದಳು. “ನನ್ನ ಜಾಗಕ್ಕೆ ಬೇರೆ ಯಾರನ್ನಾದ್ರೂ ತಗಾ ಕಣೇ. ಬೋರ್ಡ್ ಹೋಯ್ತು” ಎಂದಳು. ಆ ಕಡೆಯಿಂದ ಹೇಗೆ ಎಂದು ಕೇಳಿರಬೇಕು. ಹನುಮಂತರಾಯ ಕಿವಿ ನಿಮಿರಿಸಿದ. “ಬರೋವಾಗಲೇ ಪಿನ್ ಬಗ್ಗಿದ್ವು” ಎಂದಳು ಮಗಳು.

ಅವನಿಗೆ ಆ ಸುಳ್ಳು ಬಡಿದ ಹಾಗೆ ಯಾವ ಬೈಗುಳವೂ ಬಡಿಯುತ್ತಿರಲಿಲ್ಲ. ಫೋನು ಇಟ್ಟ ಮೇಲೆ, “ಇದ್ದದ್ದು ಇದ್ದಂಗೆ ಹೇಳ್ಬೇಕಾಗಿತ್ತು” ಎಂದ.

“ಹೇಳಿದ್ರೆ ನಗ್ತಾರೆ ಅಪ್ಪ. ನಗೋದು ಬ್ಯಾಡ.” ಸ್ವಲ್ಪ ತಡೆದು, “ಹಣಿಗಿ ಇದ್ದಂಗೈತೆ ಅಂದೋಳು ನಾನೇ ಅಲ್ವಾ” ಎಂದಳು.

ಆ ವಾರವೆಲ್ಲ ಅವನು ಮಗ್ಗಕ್ಕಿಳಿದರೂ ಕೆಲಸ ಸಾಗಲಿಲ್ಲ. ಯಾರದೋ ಹಣಿಗೆ ಬಂದು ಗೋಡೆಗೆ ಒರಗಿ ಕೂತಿತ್ತು, ಕಟ್ಟು ಬಿಚ್ಚಲಿಲ್ಲ. ಮಗಳಿಗಾಗಿ ಏನಾದರೂ ಮಾಡಬೇಕೆನ್ನಿಸುವುದು. ಮಾಡುವುದಕ್ಕೆ ಎರಡು ಕೈಗಳಲ್ಲದೆ ಬೇರೆ ಏನಿದೆ ಅವನಲ್ಲಿ? ಆ ಕೈಗಳನ್ನೇ ಈಗ ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕಾಗಿತ್ತು. ನಿರ್ಮಲಾ ಊಟಕ್ಕೆ ಕರೆದರೆ ಬರುವನು, ಎರಡು ತುತ್ತು ಉಂಡು ಏಳುವನು. “ಅವಳೇ ಬಿಟ್ಟಾಳೆ, ನೀವ್ಯಾಕೆ ಹಿಡ್ಕಂಡೀರಿ?” ಎನ್ನುವಳು ಅವಳು. ಮಗಳು ಬಿಟ್ಟದ್ದೇ ಅವನಿಗೆ ಬಿಡಲಾಗದ್ದು.

ಭಾನುವಾರ ಮಧ್ಯಾಹ್ನ ತೇಜಶ್ರೀ ಮಗ್ಗದ ಕೋಣೆಯ ಹೊಸ್ತಿಲ ಮೇಲೆ ಕೂತು ಮೊಬೈಲು ತೆರೆದಳು. ಪಂದ್ಯವನ್ನು ಅದರಲ್ಲಿ ತೋರಿಸುತ್ತಿದ್ದರು. ಹನುಮಂತರಾಯ ದೂರದಿಂದ ನೋಡಿದ. ಹತ್ತಿರ ಹೋಗಲೇ ಬೇಡವೇ ಎಂದು ತಿಳಿಯದೆ ನೀರು ಕುಡಿಯುವ ನೆವದಿಂದ ಎರಡು ಸಲ ಅತ್ತಿತ್ತ ಓಡಾಡಿದ.

“ಬಾ ಅಪ್ಪ, ಕುಂತ್ಕ” ಎಂದು ಅವಳು ಸರಿದು ಜಾಗ ಕೊಟ್ಟಳು.

ಪರದೆಯಲ್ಲಿ ಸಣ್ಣ ಸಣ್ಣ ಮನುಷ್ಯರು ಗೋಡೆಗಳ ಮರೆಯಲ್ಲಿ ಓಡುತ್ತಿದ್ದರು. ಯಾರು ಯಾರ ಕಡೆಯೋ, ಯಾಕೆ ಓಡುತ್ತಾರೋ, ಅವನಿಗೆ ಒಂದೂ ತಲೆಗೆ ಹತ್ತಲಿಲ್ಲ. ಭೂತಗನ್ನಡಿಯಿಂದಲೂ ತಿಳಿಯುವ ವಿಷಯವಾಗಿರಲಿಲ್ಲ ಅದು.

“ಇದರಾಗೆ ನಿಂದು ಯಾವ್ದು?”

“ಆ ಬಾಗಿಲ ಹತ್ರ ನಿಂತಾಳಲ್ಲ, ಅದು. ನಾನಿದ್ದಿದ್ರೆ ಅಲ್ಲಿ ನಾನು ನಿಲ್ತಿದ್ದೆ.”

ಆಮೇಲೆ ಅವನು ಆ ಒಂದು ಆಕೃತಿಯನ್ನೇ ಹಿಡಿದು ನೋಡಿದ. ಅದು ಕಾಯುತ್ತಿತ್ತು. ಮುಂದೆ ಹೋಗುವುದು, ಹಿಂದೆ ಬರುವುದು, ಮತ್ತೆ ಕಾಯುವುದು. ಇದ್ದಕ್ಕಿದ್ದಂತೆ ಎಡಗಡೆಯಿಂದ ಯಾರೋ ಬಂದರು; ಅದು ತಿರುಗುವಷ್ಟರಲ್ಲಿ ನೆಲಕ್ಕೆ ಬಿದ್ದಿತು. ತೇಜಶ್ರೀಯ ಬೆರಳುಗಳು ಏನೂ ಇಲ್ಲದ ತೊಡೆಯ ಮೇಲೆ ಏನನ್ನೋ ಒತ್ತಿದವು. “ಎಡಗಡಿ... ಎಡಗಡಿ ನೋಡ್ಬೇಕಾಗಿತ್ತು” ಎಂದಳು, ತನಗೆ ತಾನೇ.

“ಆ ಹುಡುಗಿ ಚೆನ್ನಾಗಿ ಆಡ್ತಾಳಾ?” ಎಂದ ಹನುಮಂತರಾಯ.

“ಆಡ್ತಾಳೆ.”

“ನಿನಗಿಂತ್ಲೂ?”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಸುಮ್ನಿರಪ್ಪ, ಇನ್ನೂ ಮುಗಿದಿಲ್ಲ” ಎಂದಳು.

ಮೊಬೈಲಿನ ಮೇಲೆ ಬಿಸಿಲು ಬೀಳುತ್ತಿತ್ತು. ಅವಳಿಗೆ ಸರಿಯಾಗಿ ಕಾಣಲೆಂದು ಅವನು ತನ್ನ ಅಂಗೈಯನ್ನು ಅಡ್ಡ ಹಿಡಿದು, ಆಟ ಮುಗಿಯುವವರೆಗೂ ಹಾಗೆಯೇ ಕೂತಿದ್ದ.